ಹವಳದ ಬೆನ್ನೇರಿ ಬಂದವರು

ಉಷ್ಣವಲಯದ ಕಡಲಿನಿಂದ ಹವಳದ ಕೊಂಬೆಯೊಂದನ್ನು ಮುರಿದೆತ್ತಿ, ಸಾವಿರಾರು ಮೈಲಿ ದೂರದ ನಗರದ ಗಾಜಿನ ತೊಟ್ಟಿಗೆ ತಂದಿಳಿಸುವವನು ತಾನು ಒಂದೇ ಒಂದು ಜೀವವನ್ನು ತಂದೆನೆಂದು ಭಾವಿಸುವುದು ಸಹಜವೇ ಆದರೂ, ಅವನ ಕೈಗೆ ಬಂದಿರುವುದು ನಿಜವಾಗಿ ಒಂದು ಪುಟ್ಟ ಊರು. ಆ ಕೊಂಬೆಯ ಮೈಯೊಳಗೆ, ಬಿಸಿಲನ್ನು ಹೀರಿ ಅನ್ನವನ್ನು ಸಿದ್ಧಗೊಳಿಸಿ ಆಶ್ರಯವಿತ್ತವನಿಗೆ ಉಣಬಡಿಸುವ, ಕಣ್ಣಿಗೆ ಕಾಣದ ಪಾಚಿಯುಂಟು. ಕವಲುಗಳ ಸಂದಿನಲ್ಲಿ ಏಡಿಯೂ ಸೀಗಡಿಯೂ ಉಂಟು. ಬುಡದ ಸತ್ತ ಸುಣ್ಣವನ್ನು ಕೊರೆದು ಕುಳಿತ ಹುಳುಗಳುಂಟು. ಇವೆಲ್ಲದರ ನಡುವೆ, ತಮಗೆ ನೆಲೆಗೊಟ್ಟ ಮೈಯನ್ನೇ ದಿನದಿನವೂ ಮೇಯುವ ಪೀಡಕಜಂತುಗಳೂ ಉಂಟು. ಇವರಲ್ಲಿ ಹಿತರಾರು, ಅಹಿತರಾರು, ಅಹಿತರನ್ನು ಕಳೆಯುವಾಗ ಹವಳವು ನೋಯದಂತೆ ನಡೆದುಕೊಳ್ಳುವ ಬಗೆ ಯಾವುದು ಎಂಬ ಪ್ರಶ್ನೆಯು ಬಹಳ ಕಾಲ ಯಾರ ಮನಸ್ಸಿಗೂ ಹೊಳೆದಿರಲಿಲ್ಲ. ಹವಳವನ್ನು ಮನೆಯಲ್ಲಿ ಸಾಕುವ ಪ್ರಯತ್ನಕ್ಕೆ ಸುಮಾರು ನೂರೆಂಬತ್ತು ವರ್ಷಗಳ ಪ್ರಾಯ. ಅದರ ಮೈಗೆ ಹತ್ತಿದ ಪೀಡೆಯನ್ನು ಬಿಡಿಸುವ ವಿದ್ಯೆಗೆ ಆ ಪ್ರಾಯದ ಕಾಲುಭಾಗವೂ ಇಲ್ಲ. ಈ ವಿದ್ಯೆಯು ಔಷಧಗಳ ಬಲದಿಂದ ಬೆಳೆಯಿತೆಂದು ಹೊರನೋಟಕ್ಕೆ ತೋರಬಹುದು. ಆದರೆ ಪೀಡಕಗಳು ಯಾವಾಗ ಮೊಟ್ಟೆಯಿಡುತ್ತವೆ, ಆ ಮೊಟ್ಟೆ ಎಷ್ಟು ದಿನಕ್ಕೆ ಒಡೆಯುತ್ತದೆ ಎಂಬುದನ್ನು ಮನುಷ್ಯನು ತಾಳ್ಮೆಯಿಂದ ನೋಡಿ ತಿಳಿದುದರಿಂದಲೇ ಅದು ವಿದ್ಯೆಯೆನಿಸಿಕೊಂಡಿತೆಂಬುದು ನನ್ನ ದೃಢವಾದ ನಂಬಿಕೆ.

ಈ ಚರಿತ್ರೆಯ ಆರಂಭ ಉಷ್ಣವಲಯದಲ್ಲಿ ಅಲ್ಲ, ಇಂಗ್ಲೆಂಡಿನ ತಣ್ಣನೆಯ ದಕ್ಷಿಣ ತೀರದಲ್ಲಿ. ೧೮೪೬ರ ಶರತ್ಕಾಲದಲ್ಲಿ ಟಾರ್ಕಿ ಎಂಬ ಕಡಲೂರಿಗೆ ಹೋಗಿದ್ದ ಆನ್ನಾ ಥಿನ್ ಎಂಬ ಮಹಿಳೆ, ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಉನ್ನತ ಪದವಿಯಲ್ಲಿದ್ದ ಪಾದ್ರಿಯೊಬ್ಬರ ಪತ್ನಿ, ಅಲ್ಲಿನ ಬಂಡೆಗಳಲ್ಲಿ ಬೆಳೆಯುವ ಬಟ್ಟಲಾಕಾರದ ಒಂಟಿ ಹವಳಗಳಿಗೆ ಮನಸೋತು, ಅವನ್ನು ಜೀವಂತವಾಗಿಯೇ ತಮ್ಮ ಮನೆಗೆ ಒಯ್ಯಬೇಕೆಂದು ನಿಶ್ಚಯಿಸಿದರು. ದಾರಿಯ ಕುಲುಕಾಟದಲ್ಲಿ ಅವು ಒಂದಕ್ಕೊಂದು ತಾಗಿ ಘಾಸಿಗೊಳ್ಳದಿರಲೆಂದು ಸೂಜಿದಾರದಿಂದ ಅವನ್ನು ಸ್ಪಂಜಿಗೆ ಹೊಲಿದು, ಕಡಲನೀರು ತುಂಬಿದ ಕಲ್ಲಿನ ಜಾಡಿಯಲ್ಲಿಟ್ಟು ಲಂಡನ್ನಿಗೆ ತಂದರು. ತಂದ ನೀರು ತೀರುತ್ತ ಬಂದಾಗ, ಇದ್ದ ನೀರಿಗೇ ಗಾಳಿಯೂಡಿಸುವುದಕ್ಕಾಗಿ, ಮನೆಯ ಸೇವಕಿಯು ತೆರೆದ ಕಿಟಕಿಯ ಮುಂದೆ ನಿಂತು ಅರ್ಧ ಮುಕ್ಕಾಲು ಗಂಟೆಯ ಕಾಲ ಅದನ್ನು ಪಾತ್ರೆಯಿಂದ ಪಾತ್ರೆಗೆ ಎತ್ತಿ ಸುರಿಯುವ ಕೆಲಸವನ್ನು ದಿನವೂ ಮಾಡಬೇಕಾಯಿತು. ಮುಂದಿನ ವರ್ಷ ಆ ಪಾತ್ರೆಗಳಿಗೆ ಕಡಲ ಪಾಚಿ ಹತ್ತಿದ ಕಲ್ಲುಗಳೂ ಸೇರಿದವು. ಹವಳಗಳು ವರ್ಷಗಟ್ಟಲೆ ಬದುಕಿ ಸಂತಾನವನ್ನೂ ಪಡೆದವು. ಆ ವೃತ್ತಾಂತವನ್ನು ಅವರು ೧೮೫೯ರಲ್ಲಿ ಪ್ರಕಟಿಸಿದರು. ಯಂತ್ರವಿಲ್ಲದ ಆ ಕಾಲದಲ್ಲಿ ಒಂದು ಹವಳವನ್ನು ಉಳಿಸಿದ್ದು ಒಡತಿಯ ಕುತೂಹಲ ಎಷ್ಟೋ ಸೇವಕಿಯ ತೋಳಿನ ದುಡಿಮೆಯೂ ಅಷ್ಟೇ ಎಂಬುದನ್ನು ಮರೆಯಲಾಗದು.

ಆ ಬಟ್ಟಲುಹವಳಕ್ಕೆ ಒಳಪಾಚಿಯ ಹಂಗಿಲ್ಲ. ಬೆಳಕು ಕಡಿಮೆಯಿದ್ದರೂ, ನೀರು ತಣ್ಣಗಿದ್ದರೂ ಅದು ಬಾಳಬಲ್ಲುದು. ಆದರೆ ಅತಿಥಿಗಳ ಹಂಗು ಅದಕ್ಕೂ ತಪ್ಪಿದ್ದಲ್ಲ. ಅದರ ಸುಣ್ಣದ ಅಂಚಿಗೆ ಅಂಟಿಕೊಂಡು, ಬೇರೆಡೆ ನೆಲೆಯನ್ನು ಅರಸದೆ ಬಾಳುವ ಸಣ್ಣ ಬಾರ್ನಕಲ್ ಜಾತಿಯೊಂದುಂಟು. ಮೊದಲ ಹವಳಸಾಕಣೆಯ ಕಾಲದಲ್ಲಿ ಇಂಥವನ್ನು ಯಾರೂ ಪೀಡೆಯೆಂದು ಎಣಿಸಲಿಲ್ಲ. ಹವಳವೇ ಇಂದೋ ನಾಳೆಯೋ ಎಂಬ ಸ್ಥಿತಿಯಲ್ಲಿರುವಾಗ ಅದರ ಮೈಮೇಲಿನವರ ಲೆಕ್ಕವನ್ನು ಇಡುವವರಾರು?

ಅನಂತರದ ಹತ್ತು ವರ್ಷಗಳಲ್ಲಿ ಇಂಗ್ಲೆಂಡಿನ ಮನೆಮನೆಗೂ ಕಡಲನೀರಿನ ತೊಟ್ಟಿಯು ಬಂದು ಕುಳಿತುದಕ್ಕೆ ಮುಖ್ಯ ಕಾರಣ ಫಿಲಿಪ್ ಹೆನ್ರಿ ಗಾಸ್. ೧೮೫೩ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರವು ತೆರೆಯಿತು. ಮರುವರ್ಷ ಬಂದ ಗಾಸರ ಗ್ರಂಥವು ಜನರನ್ನು ತಂಡತಂಡವಾಗಿ ತೀರಕ್ಕೆ ಕಳುಹಿಸಿತು. ಆ ಉತ್ಸಾಹವು ತೀರದ ಬಂಡೆಗಳ ನಡುವಿನ ಕೊಳಗಳನ್ನು ಬರಿದುಮಾಡಿದುದನ್ನು ಅವರ ಮಗ ಎಡ್ಮಂಡ್ ಗಾಸ್ ೧೯೦೭ರ ತನ್ನ ಆತ್ಮವೃತ್ತಾಂತದಲ್ಲಿ ದುಃಖದಿಂದ ನೆನೆದಿದ್ದಾನೆ. ನಮ್ಮ ವಿಷಯಕ್ಕೆ ಸಂಬಂಧಿಸಿದಂತೆ ಗಾಸರ ಇನ್ನೊಂದು ಕೆಲಸ ಗಮನಾರ್ಹವಾದುದು. ಕಡಲಹೂವುಗಳ ವಂಶಾವಳಿಯನ್ನು ವಿಂಗಡಿಸುತ್ತ ಅವರು ೧೮೫೮ರಲ್ಲಿ ಒಂದು ಕುಲಕ್ಕೆ ಐಪ್ಟೇಸಿಯ ಎಂದು ನಾಮಕರಣ ಮಾಡಿದರು. ತೆಳುಗಂದು ಬಣ್ಣದ, ಗಾಜಿನ ಪಾರದರ್ಶಕತೆಯುಳ್ಳ ಈ ಕುಲದ ಹೂವುಗಳೇ ಮುಂದಿನ ಶತಮಾನದ ಹವಳಸಾಕಣೆಗಾರರಿಗೆ ಮೊದಲ ದೊಡ್ಡ ಪೀಡೆಯಾಗಿ ಪರಿಣಮಿಸಿದವು. ಹವಳದ ಪಕ್ಕದಲ್ಲಿ ನೆಲೆಯೂರಿ, ತಮ್ಮ ಕುಟುಕುವ ಎಳೆಗಳಿಂದ ಅದನ್ನು ಸುಟ್ಟು ಹಿಮ್ಮೆಟ್ಟಿಸುವುದು ಇವುಗಳ ಕ್ರಮ. ಕಿತ್ತೆಸೆಯಹೊರಟರೆ ಪಾದದ ಚೂರುಗಳು ಕಲ್ಲಿನಲ್ಲಿ ಉಳಿದು, ಒಂದೊಂದು ಚೂರೂ ಇಡಿಯ ಹೂವಾಗಿ ಚಿಗುರುತ್ತದೆ. ಕೈಬಲವನ್ನು ಹೆಚ್ಚಿಸಿದಷ್ಟೂ ಪೀಡೆಯೇ ಹೆಚ್ಚುವುದೆಂಬ ಪಾಠವನ್ನು ಹವಳಪ್ರಿಯರಿಗೆ ಮೊತ್ತಮೊದಲು ಕಲಿಸಿದ್ದು ಈ ಜೀವಿ.

ಉಷ್ಣವಲಯದ, ಬಂಡೆಕಟ್ಟುವ ಹವಳಗಳನ್ನು ತೊಟ್ಟಿಯಲ್ಲಿ ಉಳಿಸುವ ಯತ್ನ ಫಲಿಸಲು ಇನ್ನೂ ನೂರು ವರ್ಷ ಹಿಡಿಯಿತು. ನ್ಯೂ ಕ್ಯಾಲೆಡೋನಿಯಾದ ನೂಮಿಯಾದಲ್ಲಿ ರೆನೆ ಕತಾಲಾ ೧೯೫೬ರಲ್ಲಿ ತೆರೆದ ಜಲಚರಮಂದಿರವು ಕಡಲಿನ ಮಗ್ಗುಲಲ್ಲೇ ಇದ್ದು ಅದರ ನೀರನ್ನೇ ಉಂಡಿತು. ಜಕಾರ್ತದ ಲೀ ಚಿನ್ ಎಂಗ್ ಎಂಬವರು ೧೯೬೧ರಲ್ಲಿ ಪ್ರಕಟಿಸಿದ ವಿಧಾನವು ಮನೆಯ ತೊಟ್ಟಿಗೆ ಹತ್ತಿರವಾದದ್ದು: ಬಿಸಿಲು, ಗಾಳಿಗುಳ್ಳೆ, ಮತ್ತು ಕಡಲಿನಿಂದ ತಂದ ಜೀವಂತ ಕಲ್ಲು. ಆ ಕಲ್ಲಿನ ರಂಧ್ರಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳೇ ನೀರನ್ನು ಶುದ್ಧಿಗೊಳಿಸುತ್ತವೆಂಬ ಎಂಗರ ನಂಬಿಕೆಯು ಸತ್ಯವಾಗಿತ್ತು; ಆದರೆ ಆ ಕಲ್ಲು ತನ್ನೊಡನೆ ಏನೆಲ್ಲವನ್ನು ತರುತ್ತದೆಂಬ ಪೂರ್ಣ ಲೆಕ್ಕ ಯಾರ ಬಳಿಯೂ ಇರಲಿಲ್ಲ. ಇದೇ ಸೂತ್ರವನ್ನು ಜರ್ಮನರು ಪರಿಷ್ಕರಿಸಿದರು. ಪೀಟರ್ ವಿಲ್ಕೆನ್ಸ್ ಸುಣ್ಣದ ತಿಳಿನೀರನ್ನು ಹವಳದ ತೊಟ್ಟಿಗೆ ಎರೆಯುವುದನ್ನು ಬೋಧಿಸಿದರು; ಬರ್ಲಿನ್ನಿನ ಡೀಟ್ರಿಚ್ ಸ್ಟ್ಯೂಬರ್ ಪ್ರಖರವಾದ ದೀಪಗಳ ಕೆಳಗೆ, ನೀರಿನ ಕಲ್ಮಷವನ್ನು ನೊರೆಯಾಗಿ ಎತ್ತಿ ತೆಗೆಯುವ ಸಾಧನದ ನೆರವಿನಿಂದ, ಅಕ್ರೊಪೊರಾ ಎಂಬ ಕೊಂಬುಹವಳವು ಕೇವಲ ಉಳಿಯುವುದಲ್ಲದೆ ಕವಲೊಡೆದು ಬೆಳೆಯುವಂತೆ ಮಾಡಿದರು. ೧೯೮೬ರಲ್ಲಿ ಜಾರ್ಜ್ ಸ್ಮಿಟ್ ಅಮೆರಿಕದ ಪತ್ರಿಕೆಯೊಂದರಲ್ಲಿ ಬರೆದ ಲೇಖನಮಾಲೆಯು ಈ ಹವ್ಯಾಸವನ್ನು ಅಟ್ಲಾಂಟಿಕದ ಆಚೆಗೂ ಹಬ್ಬಿಸಿತು.

ಇಲ್ಲಿಂದ ಚರಿತ್ರೆಯು ತಿರುವು ಪಡೆಯುತ್ತದೆ. ಬೆಳೆಯುವ ಹವಳವನ್ನು ಕತ್ತರಿಸಬಹುದು. ಕತ್ತರಿಸಿದ ತುಂಡನ್ನು ಇನ್ನೊಬ್ಬನಿಗೆ ಕೊಡಬಹುದು. ಹವ್ಯಾಸಿಗಳು ಫ್ರ್ಯಾಗ್ ಎಂದು ಕರೆಯುವ ಈ ತುಂಡುಗಳು ಸ್ಟ್ಯೂಬರರ ತೊಟ್ಟಿಯಿಂದ ಹೊರಟು ಐರೋಪ್ಯ ಗೆಳೆಯರ ತೊಟ್ಟಿಗಳಿಗೂ, ಅಲ್ಲಿಂದ ಇನ್ನೂ ದೂರಕ್ಕೂ ಹಂಚಿಹೋದವು. ಕಡಲಿನಿಂದ ಹೊಸದಾಗಿ ಕೀಳದೆ, ಇದ್ದುದನ್ನೇ ಹಂಚಿಕೊಳ್ಳುವ ಈ ಪದ್ಧತಿಗಿಂತ ಹೆಚ್ಚಿನ ಸೌಜನ್ಯವನ್ನು ನಾನು ಈ ಹವ್ಯಾಸದಲ್ಲಿ ಬೇರೆ ಕಾಣೆ. ಗಟ್ಟಿಹವಳಗಳ ಅಂತರರಾಷ್ಟ್ರೀಯ ವ್ಯಾಪಾರವು ೧೯೯೦ರ ವೇಳೆಗೆ ಪರವಾನಗಿಯ ನಿಯಮಕ್ಕೆ ಒಳಪಟ್ಟುದು ಈ ಹಂಚಿಕೆಗೆ ಇನ್ನಷ್ಟು ಬೆಲೆಯನ್ನು ತಂದಿತು. ಆದರೆ ತುಂಡು ಹೋದಲ್ಲಿಗೆ ಅದರ ಮೈಮೇಲಿನ ಪೀಡೆಯೂ ಹೋಯಿತು. ಕಡಲಿನಲ್ಲಿ ಪೀಡಕವನ್ನು ಹಿಡಿದು ತಿನ್ನುವ ಮೀನುಂಟು, ಒಂದು ಹವಳದಿಂದ ಇನ್ನೊಂದಕ್ಕೆ ದಾಟಲು ಅಡ್ಡವಾಗುವ ದೂರವುಂಟು. ತೊಟ್ಟಿಯಲ್ಲಿ ಇವೆರಡೂ ಇಲ್ಲ. ಬಂಡೆಯ ಮೇಲೆ ಯಾರ ಗಮನಕ್ಕೂ ಬಾರದೆ ಬಾಳುತ್ತಿದ್ದ ಜೀವಿಯು ತೊಟ್ಟಿಯಲ್ಲಿ ಮಾರಿಯಾದುದರ ಕಾರಣವಿದು.

ಅಂಥವುಗಳಲ್ಲಿ ಮೊದಲು ವಿಜ್ಞಾನದ ಕಣ್ಣಿಗೆ ಬಿದ್ದದ್ದು ಟೆಗಾಸ್ಟಿಸ್ ಅಕ್ರೊಪೊರಾನಸ್. ಪೆಸಿಫಿಕ್ ಸಾಗರದ ಎನೆವೆಟಕ್ ಹವಳದ್ವೀಪದಲ್ಲಿ ದೊರೆತ ಇದನ್ನು ೧೯೮೧ರಲ್ಲಿ ಆರ್ಥರ್ ಹ್ಯೂಮ್ಸ್ ವರ್ಣಿಸಿದರು. ಅರ್ಧ ಮಿಲಿಮೀಟರಿನಷ್ಟಿರುವ, ಹಳದಿ ಮೈಯಲ್ಲಿ ಕೆಂಪು ಚುಕ್ಕೆಯುಳ್ಳ ಈ ಕಠಿಣಚರ್ಮಿಯು ಮುಂದೆ ಹವಳಸಾಕಣೆಗಾರರ ಬಾಯಲ್ಲಿ ಕೆಂಪು ತಿಗಣೆಯೆಂಬ ಅರ್ಥದ ಹೆಸರನ್ನು ಪಡೆದು ಕುಖ್ಯಾತವಾಗುವುದೆಂಬುದನ್ನು ಅಂದು ಊಹಿಸುವುದು ಸಾಧ್ಯವಿರಲಿಲ್ಲ. ಅಕ್ರೊಪೊರಾವನ್ನು ತಿನ್ನುವ ಚಪ್ಪಟೆ ಹುಳುವಿನ ವಿಷಯದಲ್ಲಾದರೋ ಕ್ರಮವೇ ತಲೆಕೆಳಗಾಯಿತು. ತೊಟ್ಟಿಗಳಲ್ಲಿ ವರ್ಷಗಟ್ಟಲೆ ಹಾವಳಿಯೆಬ್ಬಿಸಿದ ಅನಂತರ, ೨೦೧೧ರಲ್ಲಿ, ಕೇಟ್ ರಾಲಿನ್ಸನ್ ಮತ್ತು ಅವರ ಸಹೋದ್ಯೋಗಿಗಳು ತೊಟ್ಟಿಯಿಂದಲೇ ಎತ್ತಿದ ಹುಳುಗಳನ್ನು ಪರೀಕ್ಷಿಸಿ ಅದಕ್ಕೊಂದು ಶಾಸ್ತ್ರೀಯ ನಾಮವನ್ನಿತ್ತರು. ಕಡಲಿನಲ್ಲಿ ಅದರ ನೆಲೆಯು ಆಸ್ಟ್ರೇಲಿಯದ ಮಹಾ ಹವಳದಿಬ್ಬದಲ್ಲಿ ಪತ್ತೆಯಾದದ್ದು ೨೦೧೨ರಲ್ಲಿ. ಮಾಂಟಿಪೊರಾ ಹವಳವನ್ನು ಮೇಯುವ, ಕೆಲವೇ ಮಿಲಿಮೀಟರು ಉದ್ದದ ಬಿಳಿಯ ಚಿಪ್ಪಿಲ್ಲದ ಬಸವನಹುಳುವಿಗಂತೂ ೨೦೨೦ರವರೆಗೂ ಶಾಸ್ತ್ರದಲ್ಲಿ ಹೆಸರೇ ಇರಲಿಲ್ಲ. ವಿಜ್ಞಾನಿಗೆ ಮುಂಚೆ ಹವ್ಯಾಸಿಯೇ ಶತ್ರುವಿನ ಗುರುತನ್ನು ಹಿಡಿದ ಇಂಥ ದೃಷ್ಟಾಂತಗಳು ಪ್ರಾಣಿಶಾಸ್ತ್ರದಲ್ಲಿ ಬಹಳ ಇರಲಾರವು.

ಇನ್ನು ಚಿಕಿತ್ಸೆಯ ವಿಚಾರ. ಹವಳದ ಮೈಯೆಂದರೆ ಎರಡೇ ಪದರ ಜೀವಕೋಶ, ನಡುವೆ ಒಂದು ಲೋಳೆಯ ಪೊರೆ; ವಿಷವನ್ನು ತಡೆಯುವ ತೊಗಲಾಗಲಿ ಹುರುಪೆಯಾಗಲಿ ಅದಕ್ಕಿಲ್ಲ. ಅದನ್ನು ತಿನ್ನುವ ಹುಳುವೂ ಅದರಂತೆಯೇ ಬತ್ತಲೆ ಮೈಯ ಮೃದುಜೀವಿ. ಹುಳುವನ್ನು ಕೊಲ್ಲುವ ದ್ರಾವಣ ಹವಳವನ್ನೂ ಕೊಲ್ಲಬಲ್ಲುದು. ಎರಡು ಮರಣಗಳ ನಡುವಿನ ಅಂತರವು ಕೆಲವು ನಿಮಿಷಗಳದ್ದು, ಕೆಲವು ಹನಿಗಳದ್ದು. ಮೀನುಸಾಕಣೆಯಲ್ಲಿ ರೂಢಿಯಲ್ಲಿದ್ದ ಸಿಹಿನೀರಿನ ಸ್ನಾನವನ್ನು ಹವಳಕ್ಕೆ ಪ್ರಯೋಗಿಸಿದವರು, ಮುಖ್ಯವಾಗಿ ಅಕ್ರೊಪೊರಾಗಳ ವಿಷಯದಲ್ಲಿ, ಪೀಡೆಯೊಡನೆ ಹವಳವನ್ನೂ ಕಳೆದುಕೊಂಡರು. ಮೀನಿನ ರೋಗಕ್ಕೆ ರಾಮಬಾಣವೆನಿಸಿದ್ದ ತಾಮ್ರವು ಹವಳಕ್ಕೆ ಸಾಕ್ಷಾತ್ ವಿಷ.

ನಿಧಾನವಾಗಿ ನೆಲೆನಿಂತ ಮೊದಲ ಔಷಧವೆಂದರೆ ಅಯೊಡಿನ್. ಅದರ ಹಿನ್ನೆಲೆಯನ್ನು ನೆನೆದರೆ ನನಗೆ ಸಂತೋಷವಾಗುತ್ತದೆ. ೧೮೧೧ರಲ್ಲಿ ಫ್ರಾನ್ಸಿನ ಬೆರ್ನಾರ್ ಕೂರ್ತ್ವಾ, ಮದ್ದಿನ ಪುಡಿಗೆ ಬೇಕಾದ ಪೆಟ್ಲುಪ್ಪಿನ ತಯಾರಿಕೆಗೆಂದು ಕಡಲಪಾಚಿಯ ಬೂದಿಯನ್ನು ಬಳಸುತ್ತಿದ್ದಾಗ, ಅದಕ್ಕೆ ಗಂಧಕಾಮ್ಲವು ಅಗತ್ಯಕ್ಕಿಂತ ಹೆಚ್ಚು ಬಿದ್ದು ನೇರಳೆಯ ಹೊಗೆ ಎದ್ದಿತು. ಆ ಹೊಗೆಯೇ ತಣಿದು ಅಯೊಡಿನ್ನಿನ ಹರಳಾಯಿತು. ೧೮೨೯ರಲ್ಲಿ ಪ್ಯಾರಿಸ್ಸಿನ ವೈದ್ಯ ಲುಗೋಲ್ ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಮನುಷ್ಯರ ವ್ಯಾಧಿಗಳಿಗೆ ಕೊಟ್ಟನು. ಕಡಲಿನಿಂದ ಹೊರಟ ಆ ಧಾತುವು ಆಸ್ಪತ್ರೆಯ ದಾರಿಯಾಗಿ ಬಂದು, ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಕಡಲಿನದೇ ಜೀವಿಯ ಗಾಯವನ್ನು ತೊಳೆಯುವ ಕೆಲಸಕ್ಕೆ ನಿಂತಿತು. ಆದರೆ ಅಯೊಡಿನ್ ಗಾಯಕ್ಕೆ ಹಿತವೇ ಹೊರತು, ಮೊಂಡು ಹುಳುಗಳೆಲ್ಲವನ್ನೂ ಉರುಳಿಸುವಷ್ಟು ಬಲವುಳ್ಳದ್ದಲ್ಲ. ಸಸ್ಯತೈಲಗಳಿಂದ ಮಾಡಿದ ಸಿದ್ಧ ದ್ರಾವಣಗಳು ಆಮೇಲೆ ಬಂದವು.

ಕೆಂಪು ತಿಗಣೆಗೆ ಮದ್ದು ಸಿಕ್ಕಿದ್ದು ನಾಯಿಗಳ ಔಷಧದ ಪೆಟ್ಟಿಗೆಯಲ್ಲಿ. ನಾಯಿಯ ಹೃದಯದಲ್ಲಿ ಬೆಳೆಯುವ ಹುಳುವಿನ ವಿರುದ್ಧ ಕೊಡುವ ಮಿಲ್ಬೆಮೈಸಿನ್ ಎಂಬ ಗುಳಿಗೆಯನ್ನು ಪುಡಿಮಾಡಿ ಅತ್ಯಲ್ಪ ಪ್ರಮಾಣದಲ್ಲಿ ತೊಟ್ಟಿಗೆ ಹಾಕಿದರೆ, ತಿಗಣೆಗಳು ಕೆಲವು ಗಂಟೆಗಳಲ್ಲಿ ಉದುರಿದವು, ಹವಳಕ್ಕೆ ತೊಂದರೆ ಕಾಣಲಿಲ್ಲ. ಸಂಧಿಪದಿಗಳ ನರಗಳಿಗೆ ನಾಟುವ ವಿಷವಾದುದರಿಂದ ಈ ಆಯ್ಕೆಯು ಸಾಧ್ಯವಾಯಿತು. ಅದೇ ಕಾರಣದಿಂದ ತೊಟ್ಟಿಯಲ್ಲಿದ್ದ ನಿರಪರಾಧಿ ಏಡಿ ಸೀಗಡಿಗಳೂ ಸತ್ತವು. ಮುಂದೆ ತೋಟದ ಗಿಡಗಳಿಗೆ ಸಿಂಪಡಿಸುವ ಕೀಟನಾಶಕವನ್ನೇ ಬೋಗುಣಿಯ ನೀರಿಗೆ ಬೆರೆಸಿ ಹವಳವನ್ನು ಅದ್ದುವ ಸಾಹಸವೂ ರೂಢಿಗೆ ಬಂದಿತು. ಅದು ಹುಳುಗಳನ್ನು ಉದುರಿಸಿದುದು ನಿಜ. ಆದರೂ ಹವಳಕ್ಕೆಂದು ತಯಾರಾಗದ, ಜೇನುನೊಣಕ್ಕೂ ಮೀನಿಗೂ ಮಾರಕವಾದ ಆ ದ್ರಾವಣವು ಕೆಲಸ ಮುಗಿದ ಮೇಲೆ ಯಾವ ಚರಂಡಿಗೆ, ಯಾವ ಕೆರೆಗೆ ಹೋಗುವುದೆಂಬುದನ್ನು ವಿಚಾರಿಸದೆ ಅದನ್ನು ಹೊಗಳುವುದು ನನ್ನಿಂದಾಗದು.

ಈ ಎಲ್ಲ ಮದ್ದುಗಳಿಗೂ ಸಾಮಾನ್ಯವಾದ ಸೋಲೊಂದಿತ್ತು: ಮೊಟ್ಟೆ. ಚಪ್ಪಟೆ ಹುಳುವು ಹವಳದ ಜೀವಂತ ಮೈಯ ಮೇಲೆ ಮೊಟ್ಟೆಯಿಡುವುದಿಲ್ಲ. ತಾನು ಮೇದು ಬರಿದುಮಾಡಿದ ಬುಡದ ಸುಣ್ಣದ ಮೇಲೆ, ಹೊಂಗಂದು ಬಣ್ಣದ ಕೋಶಗಳನ್ನು ಒತ್ತೊತ್ತಾಗಿ ಅಂಟಿಸುತ್ತದೆ. ಆ ಕೋಶದ ಗೋಡೆಯನ್ನು ದಾಟಿ ಒಳಹೋಗುವ ಸ್ನಾನದ್ರಾವಣವು ಹವಳವನ್ನು ಉಳಿಸದು. ಒಮ್ಮೆ ಅದ್ದಿ, ಹುಳುಗಳು ಉದುರಿದುದನ್ನು ಕಂಡು, ಕಾರ್ಯವು ಮುಗಿಯಿತೆಂದು ಹವಳವನ್ನು ತೊಟ್ಟಿಗಿಳಿಸಿದವರ ಮನೆಯಲ್ಲಿ ಕೆಲವು ವಾರಗಳ ಬಳಿಕ ಮರಿಹುಳುಗಳು ಮೇಯತೊಡಗಿದವು. ಮೊಟ್ಟೆ ಒಡೆಯಲು ಸುಮಾರು ಮೂರು ವಾರ ಹಿಡಿಯಬಹುದೆಂಬುದು ೨೦೧೧ರ ಅಧ್ಯಯನದಿಂದ ತಿಳಿದುಬಂದಿತು. ಮದ್ದನ್ನು ಗಟ್ಟಿಮಾಡುವ ಯೋಚನೆ ಅಲ್ಲಿಗೆ ಹಿಂದೆ ಸರಿಯಿತು. ಮರಿಯಾದುದು ಬೆಳೆದು ತಾನೂ ಮೊಟ್ಟೆಯಿಡುವ ಮುನ್ನ ಹಿಡಿಯುವಂತೆ, ಅದೇ ಮೆದುವಾದ ಸ್ನಾನವನ್ನು ಸರಿಯಾದ ದಿನಕ್ಕೆ ಮತ್ತೆ ಮತ್ತೆ ಕೊಡುವ ಕ್ರಮ ಬಂದಿತು.

ಇಂದು ಬಲ್ಲವರು ಹೊಸ ಹವಳವನ್ನು ಬರಮಾಡಿಕೊಳ್ಳುವ ರೀತಿಯನ್ನು ನೋಡಬೇಕು. ಬಿಳಿಯ ಬೋಗುಣಿಯೊಂದಕ್ಕೆ ತೊಟ್ಟಿಯದೇ ನೀರನ್ನು ಬಗ್ಗಿಸಿಕೊಳ್ಳುತ್ತಾರೆ. ಶಾಖವೂ ಉಪ್ಪೂ ಸಮವಾಗಿರಬೇಕು. ಅಳತೆಯ ಮದ್ದು ಬೆರೆತ ಆ ನೀರಿನಲ್ಲಿ ತುಂಡನ್ನು ಬುಡದಿಂದ ಹಿಡಿದು, ರಬ್ಬರು ಬುಗ್ಗೆಯ ಪಿಚಕಾರಿಯಿಂದ ಕವಲು ಕವಲಿನ ಸಂದಿಗೂ ನೀರನ್ನು ಚಿಮ್ಮಿಸುತ್ತಾರೆ. ಹವಳದ ಮೇಲೆ ಕುಳಿತಿದ್ದಾಗ ಎಷ್ಟು ದಿಟ್ಟಿಸಿದರೂ ಕಾಣದಿದ್ದ ಹುಳುವು, ಬಿಳಿಯ ತಳಕ್ಕೆ ಬಿದ್ದೊಡನೆ ಸುರುಳಿಯಾಗಿ ಹೊರಳುವುದು ಕಾಣುತ್ತದೆ. ಅದುವರೆಗೆ ಅದನ್ನು ಮರೆಸಿದ್ದುದು ಅದು ನುಂಗಿದ ಹವಳದ ಬಣ್ಣವೇ. ತಿಂದ ಮೈಯ ವರ್ಣವೂ ಪಾಚಿಯೂ ಅದರ ಹೊಟ್ಟೆಯಲ್ಲಿ ಉಳಿದು, ಹುಳುವನ್ನು ಹವಳದ ಬಣ್ಣಕ್ಕೇ ತಿರುಗಿಸಿರುತ್ತವೆ. ಹವಳವು ಲೋಳೆಯನ್ನು ಅತಿಯಾಗಿ ಸುರಿಸತೊಡಗಿದರೆ ಅದಕ್ಕೆ ಸಾಕಾಯಿತೆಂದು ಅರ್ಥ. ಗಡಿಯಾರದ ಮುಳ್ಳಿಗಿಂತ ಆ ಲೋಳೆಯೇ ಹೆಚ್ಚು ನಂಬತಕ್ಕದ್ದು. ಬಳಿಕ ಬೇರೊಂದು ಪಾತ್ರೆಯ ಶುದ್ಧ ಕಡಲನೀರಿನಲ್ಲಿ ಜಾಲಿಸಿ, ಬೂದುಗಾಜಿನಡಿಯಲ್ಲಿ ಬುಡವನ್ನು ಪರೀಕ್ಷಿಸಿ, ಮೊಟ್ಟೆಯ ಗುರುತು ಕಂಡಲ್ಲಿ ಚಾಕುವಿನಿಂದ ಹೆರೆದು, ಸಂಶಯವಿದ್ದರೆ ಬುಡದ ಸತ್ತ ಭಾಗವನ್ನೇ ಮುರಿದೆಸೆದು, ಹವಳವನ್ನು ಬೇರೆಯಾದ ಸಣ್ಣ ತೊಟ್ಟಿಯಲ್ಲಿ ವಾರಗಳ ಕಾಲ ಪ್ರತ್ಯೇಕವಾಗಿ ಇರಿಸುತ್ತಾರೆ. ಸ್ನಾನದ ನೀರು ಮಾತ್ರ ಮನೆಯ ತೊಟ್ಟಿಗೆ ಒಂದು ಹನಿಯೂ ಮರಳಬಾರದು.

ಈ ಪರೀಕ್ಷೆಯಲ್ಲಿ ಅವಸರ ಸಲ್ಲದೆಂಬುದಕ್ಕೆ ಇನ್ನೊಂದು ಕಾರಣವೂ ಉಂಟು. ಪೊಸಿಲ್ಲೊಪೊರಾ ಹವಳದ ಕವಲುಗಳಲ್ಲಿ ಅಡಗಿರುವ ಟ್ರಪೀಸಿಯ ಏಡಿಯನ್ನು ಹಿಂದೆ ಎಷ್ಟೋ ಮಂದಿ ಪೀಡೆಯೆಂದು ಕಿತ್ತೆಸೆಯುತ್ತಿದ್ದರು. ೧೯೭೬ರಲ್ಲಿ ಪೀಟರ್ ಗ್ಲಿನ್ ಪೂರ್ವ ಪೆಸಿಫಿಕ್ಕಿನ ಹವಳಗಳ ವಿಷಯವಾಗಿ ಬರೆದ ಪ್ರಬಂಧದಿಂದ ತಿಳಿದುಬಂದುದೇನೆಂದರೆ, ಹವಳವನ್ನು ನುಂಗಬಂದ ಮುಳ್ಳಿನ ನಕ್ಷತ್ರಮೀನಿನ ಮೇಲೆ ಈ ಏಡಿಯೂ ಅದರೊಡನಾಡಿಯಾದ ಸೀಗಡಿಯೂ ಎರಗಿ, ಚಿವುಟಿ, ಅದನ್ನು ಹಿಂದಿರುಗಿಸುತ್ತವೆ. ಮನೆಯ ಕಾವಲುಗಾರನನ್ನೇ ಹೊರದಬ್ಬುವುದು ಚಿಕಿತ್ಸೆಯಾಗುವುದಿಲ್ಲ.

ನಮ್ಮ ನಾಡಿನಲ್ಲಿ ಹವಳವೆಂದರೆ ಬಹುಜನರಿಗೆ ನೆನಪಾಗುವುದು ಮೆಡಿಟರೇನಿಯನ್ನಿನಿಂದ ಬಂದು ನವರತ್ನಗಳಲ್ಲಿ ಸೇರಿದ, ಮಂಗಳಗ್ರಹಕ್ಕೆ ಪ್ರಿಯವೆನ್ನುವ ಕೆಂಪು ಮಣಿ. ಜೀವಂತ ಹವಳದ ನೆಂಟು ಕನ್ನಡಿಗರಿಗೆ ಇರಲಿಲ್ಲವೆಂದಲ್ಲ. ಅಮಿನಿ, ಕದಮತ್, ಕಿಲ್ತಾನ್ ಮೊದಲಾದ ಹವಳದ್ವೀಪಗಳು ೧೯೫೬ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಅಲ್ಲಿನ ತೆಂಗಿನ ನಾರು ಹಾಯಿದೋಣಿಗಳಲ್ಲಿ ಮಂಗಳೂರಿಗೆ ಬರುತ್ತಿತ್ತು. ಮುರ್ಡೇಶ್ವರದ ಎದುರಿನ ನೇತ್ರಾಣಿಯ ಸುತ್ತಲೂ ಇಂದಿಗೂ ಹವಳ ಬೆಳೆಯುತ್ತದೆ. ೨೦೦೧ರಿಂದ ಬಂಡೆಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿವೆ. ಅವನ್ನು ಕೀಳುವುದೂ ಮಾರುವುದೂ ಅಪರಾಧ. ಇದು ನ್ಯಾಯವಾದ ಶಾಸನ. ಈ ಸ್ನಾನವಿದ್ಯೆಯ ಉಪಯೋಗ ನಮಗೆ ಬೈಠಕ್ಕಿನ ತೊಟ್ಟಿಯಲ್ಲಲ್ಲ, ಮನ್ನಾರ್ ಕೊಲ್ಲಿ, ಕಚ್ ಕೊಲ್ಲಿಗಳಲ್ಲಿ ಹವಳದ ತುಂಡುಗಳನ್ನು ನೆಟ್ಟು ದಿಬ್ಬವನ್ನು ಮರಳಿ ಬೆಳೆಸಹೊರಟವರ ಕೆಲಸದಲ್ಲಿ.

ಲೋಕದ ಬೇರೆಡೆಯೂ ಈ ವಿದ್ಯೆಯು ಹವ್ಯಾಸಿಯ ಕೈಯಿಂದ ಪ್ರಯೋಗಶಾಲೆಗೆ ಸಾಗಿದ್ದು ಇದೇ ಉದ್ದೇಶದಿಂದ. ಬಿಸಿಯೇರಿದ ಕಡಲಿನಲ್ಲಿ ಹವಳಗಳು ಬಿಳಿಚಿ ಸಾಯುತ್ತಿರಲಾಗಿ, ನೆಲದ ಮೇಲಿನ ತೊಟ್ಟಿಗಳಲ್ಲಿ ಸಸಿಮಡಿಗಳನ್ನು ಬೆಳೆಸುವ ಸಂಶೋಧಕರಿಗೂ ಅದೇ ಚಪ್ಪಟೆ ಹುಳು ಎದುರಾಯಿತು. ಆಸ್ಟ್ರೇಲಿಯದ ಸಂಶೋಧಕರು ೨೦೧೯ರಲ್ಲಿ, ನೀರಿನ ಶಾಖವು ಏರಿದಂತೆ ಮೊಟ್ಟೆಯ ಅವಧಿಯು ಕುಗ್ಗುವುದನ್ನು ಅಳೆದು, ಯಾವ ಶಾಖಕ್ಕೆ ಯಾವ ದಿನಗಳಲ್ಲಿ ಸ್ನಾನವನ್ನು ಮರುಕಳಿಸಬೇಕೆಂಬುದನ್ನು ಗೊತ್ತುಪಡಿಸಿದರು. ಮರುವರ್ಷದ ಪ್ರಯೋಗದಲ್ಲಿ ಅವರು ಮದ್ದನ್ನೇ ಬದಿಗಿಟ್ಟು, ಆರು ಗೆರೆಗಳ ಸಣ್ಣ ರಾಸ್ ಮೀನನ್ನೂ ಲಿಸ್ಮಾಟ ಎಂಬ ಸೀಗಡಿಯನ್ನೂ ಪೀಡೆ ಹತ್ತಿದ ಹವಳಗಳೊಡನೆ ಬಿಟ್ಟರು. ಎರಡೂ ಹುಳುಗಳ ಸಂಖ್ಯೆಯನ್ನು ತಗ್ಗಿಸಿದವು. ಸೀಗಡಿಯು ಅದಕ್ಕಿಂತ ಹೆಚ್ಚಿನ ಉಪಕಾರವೊಂದನ್ನು ಮಾಡಿತು: ಯಾವ ದ್ರಾವಣವೂ ಕೊಲ್ಲಲಾರದೆ ಉಳಿದಿದ್ದ ಮೊಟ್ಟೆಯ ಕೋಶಗಳನ್ನು ಸುಣ್ಣದ ಒರಟು ಮೈಯಿಂದ ಬಿಡಿಸಿ ತಿಂದಿತು.